ಮೂರನೆಯ ಸಲ ಕೇಳುವ ಕೆಲಸ

ಅಕ್ಕನ ಮುಂದಿನ ಹಲ್ಲೊಂದರ ಅಂಚಿನಲ್ಲಿ ಒಂದು ಅಕ್ಕಿಕಾಳು ಸರಿಯಾಗಿ ಕೂರುವಷ್ಟು ಕಚ್ಚು ಇತ್ತು. ನೂಲು ಕಡಿದು ಕಡಿದು ದರ್ಜಿಗಳ ಹಲ್ಲು ಸವೆಯುತ್ತದಲ್ಲ, ಹಾಗೆ. ಉಡುಪಿಯ ಹತ್ತಿರದ ಒಂದು ಅಕ್ಕಿ ಮಿಲ್ಲಿನಲ್ಲಿ ಅವರ ತಂದೆ ಲೆಕ್ಕ ಬರೆಯುವ ರೈಟರ್ ಆಗಿದ್ದರು. ದಿನವೂ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗಿ, ತಂದೆಯ ಪಕ್ಕ ನಿಂತು, ಬಂದ ಮೂಟೆಗಳಿಂದ ಒಂದೊಂದು ಕಾಳು ತೆಗೆದು ಕಚ್ಚಿ ನೋಡಿ ಆದ ಗುರುತು ಅದು. ಕಟ್ಟೆಂದು ಮುರಿದರೆ ಒಣಗಿದೆ. ಬಾಗಿ ಆಮೇಲೆ ಮುರಿದರೆ ಇನ್ನೊಂದು ಬಿಸಿಲು ಬೇಕು. ಮುಂದೆ ಕ್ಯಾಲಿಫೋರ್ನಿಯಾದ ಸನ್ನಿವೇಲಿನಲ್ಲಿ ಕಾಳಿನ ತೇವ ಅಳೆಯುವ ಮೀಟರುಗಳನ್ನು ಕಟ್ಟಿ ಮಾರುವ ಕಂಪನಿಯ ಒಡತಿಯಾದ ಮೇಲೂ, ಪ್ರತಿ ಮೀಟರನ್ನು ರಟ್ಟಿನ ಪೆಟ್ಟಿಗೆಗೆ ಹಾಕುವ ಮುಂಚೆ ಅವರು ಒಂದು ಕಾಳು ಕಚ್ಚುತ್ತಿದ್ದರು. ಮೀಟರಿನ ಮುಳ್ಳು ನೂರಕ್ಕೆ ಹದಿನಾಲ್ಕು ತೋರಿಸಿ ಹಲ್ಲು ಹದಿನೈದು ಎಂದರೆ ಮೀಟರನ್ನು ಬಿಚ್ಚುತ್ತಿದ್ದರು. ಹಲ್ಲನ್ನು ಸಂಶಯಿಸಿದ್ದು ನಾನು ಕಂಡಿಲ್ಲ.

ಅಕ್ಕ ಎಂದು ಕರೆಯುತ್ತಿದ್ದೆನೇ ಹೊರತು ನಮ್ಮೊಳಗೆ ನೆಂಟಸ್ತಿಕೆ ಇರಲಿಲ್ಲ. ಬೇ ಏರಿಯಾದಲ್ಲಿ ಆಗ ನಮಗೆ ಗೊತ್ತಿದ್ದ ಕನ್ನಡದ ಮನೆಗಳಿಗೆಲ್ಲ ಅವರು ಅಕ್ಕನೇ. ಗಂಡ ಬರ್ಕ್ಲಿಯಲ್ಲಿ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿದ್ದರು, ಮಣ್ಣಿನಷ್ಟೇ ಮಾತು. ಅಕ್ಕ ಮಂಗಳೂರಿನಲ್ಲಿ ಫಿಸಿಕ್ಸು ಓದಿದವರು. ಮಗಳು ಶಾಲೆಗೆ ಹೋಗುವಂತಾದ ಮೇಲೆ ಮನೆಯ ಗರಾಜಿನಲ್ಲಿ ಮೊದಲ ಮೀಟರು ಕಟ್ಟಿದರು. ನಾನು ಸೇರುವ ಹೊತ್ತಿಗೆ ಕಂಪನಿಗೆ ಗರಾಜಿನಿಂದ ಶೆಡ್ಡಿಗೆ ಬಡ್ತಿ ಸಿಕ್ಕಿತ್ತು. ಒಂದು ಪಕ್ಕದಲ್ಲಿ ಕಾರಿಗೆ ಬಣ್ಣ ಹೊಡೆಯುವವರು, ಇನ್ನೊಂದು ಪಕ್ಕದಲ್ಲಿ ಈಜುಕೊಳದ ಪಂಪು ರಿಪೇರಿ ಮಾಡುವವನು, ನಡುವೆ ನಾವಿಬ್ಬರು.

ಎಂಬತ್ತರ ದಶಕದ ನಡುಭಾಗ. ನನಗಾಗ ಮೂವತ್ತೊಂದು. ನಾನಿದ್ದ ಕಂಪನಿಯವರು ಒಂದು ಶುಕ್ರವಾರ ಮಧ್ಯಾಹ್ನ ನಮ್ಮ ಸಾಲಿನ ಮೇಜುಗಳನ್ನೆಲ್ಲ ಖಾಲಿ ಮಾಡಿಸಿದ್ದರು. ಮರುದಿನ ಸರಟೋಗಾದ ಒಂದು ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟಕ್ಕೆ ಕೂತಿದ್ದ ನನ್ನ ಮುಖವನ್ನು ಬಡಿಸುತ್ತಿದ್ದ ಅಕ್ಕ ನೋಡಿದರು.

“ಎಂತ ಮಾರಾಯ್ರೆ, ಸಾರು ಖಾರ ಆಯ್ತಾ, ಕೆಲಸ ಹೋಯ್ತಾ?”

“ಎರಡೂ ಅಕ್ಕ,” ಎಂದೆ.

“ಸೋಮವಾರ ಬನ್ನಿ. ನನಗೆ ಇಂಗ್ಲಿಷಿನಲ್ಲಿ ಕಾಗದ ಬರೀಲಿಕ್ಕೆ, ಫಾರ್ಮು ತುಂಬಿಸ್ಲಿಕ್ಕೆ ಒಬ್ರು ಬೇಕು. ನೀವು ತುಂಬ ಚಿಂತೆ ಮಾಡ್ತೀರಿ ಅಂತ ಎಲ್ಲರೂ ಹೇಳ್ತಾರೆ. ಫಾರ್ಮಿಗೆ ಅಂಥವರೇ ಆಗ್ಬೇಕು.”

ಅದು ನಿಜ. ಖಾಲಿ ಬಿಟ್ಟ ಒಂದು ಚೌಕದಿಂದ ಏನೇನು ಅನಾಹುತ ಆಗಬಹುದೆಂದು ನನ್ನಷ್ಟು ವಿವರವಾಗಿ ಊಹಿಸಬಲ್ಲವರು ಕಡಿಮೆ. ನನ್ನ ಸ್ವಭಾವಕ್ಕೆ ಸಂಬಳ ಕೊಟ್ಟವರಲ್ಲಿ ಅಕ್ಕನೇ ಮೊದಲಿಗರು.

ಅಕ್ಕನಿಗೆ ಒಂದು ಅಭ್ಯಾಸವಿತ್ತು. ನಮ್ಮವರಿಗೆಲ್ಲ ಇದ್ದದ್ದೇ, ಅವರಿಗೆ ಸ್ವಲ್ಪ ಹೆಚ್ಚು. ಯಾರು ಏನು ಕೊಡಲು ಬಂದರೂ ಮೊದಲು ಬೇಡ ಎನ್ನಬೇಕು. ಇನ್ನೊಮ್ಮೆ ಕೇಳಿದರೆ ಮತ್ತೆ ಬೇಡ, ಸ್ವಲ್ಪ ಮೆತ್ತಗೆ. ಮೂರನೆಯ ಸಲ ಕೇಳಿದಾಗ ಸೆರಗಿಗೋ ಏಪ್ರನ್ನಿಗೋ ಕೈ ಒರೆಸಿಕೊಂಡು, “ಹೂಂ, ನೀವು ಇಷ್ಟು ಹೇಳ್ತೀರಿ ಅಂತ,” ಎಂದು ತೆಗೆದುಕೊಳ್ಳಬೇಕು. ಕಾಫಿಯಿಂದ ಹಿಡಿದು ಕೂರಲು ಕೊಟ್ಟ ಕುರ್ಚಿಯವರೆಗೆ ಇದೇ ಕ್ರಮ. ನಾನು ಮೈಸೂರಿನವನು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಊಟ ಆಯ್ತು ಎನ್ನುವ ಮನೆಯಲ್ಲಿ ಬೆಳೆದವನು. ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಸ್ಯಾಕ್ರಮೆಂಟೋ ಕಣಿವೆಯ ಭತ್ತದ ಬೆಳೆಗಾರರಿಗೆ ಮಾತ್ರ ಇದು ಗೊತ್ತಿರಲಿಲ್ಲ. ನಮ್ಮ ಗಿರಾಕಿಗಳೆಲ್ಲ ಅವರೇ. ಒಮ್ಮೆ ಅವರಲ್ಲೊಬ್ಬ ರಿಪೇರಿಗೆ ಮೀಟರು ತಂದವನು, ಪಿಕಪ್ಪಿನ ಹಿಂದಿನಿಂದ ಹೊಸ ಅಕ್ಕಿಯ ಒಂದು ಮೂಟೆ ಇಳಿಸಿ, ನಿಮಗೆಂದು ತಂದೆ, ಬೇಕಾ ಎಂದು ಕೇಳಿದ. ಅಕ್ಕ ನಗುತ್ತ ನೋ ನೋ ಎಂದರು. ಅವನು ಸರಿ ಎಂದು ಮೂಟೆಯನ್ನು ಮತ್ತೆ ಮೇಲೆ ಹಾಕಿಕೊಂಡು ಹೊರಟೇ ಹೋದ. ಪಿಕಪ್ಪು ಫ್ರೀವೇ ಕಡೆ ತಿರುಗುವವರೆಗೂ ಅಕ್ಕ ಬಾಗಿಲಲ್ಲಿ ನಿಂತು ನೋಡಿದರು.

“ಒಳ್ಳೆ ಅಕ್ಕಿ ಇತ್ತು,” ಎಂದರು. “ಇಲ್ಲಿಯವರು ಒಂದೇ ಸಲ ಕೇಳಿ ಬಿಡ್ತಾರೆ ಮಾರಾಯ್ರೆ. ಕೇಳಿದ್ದು ಹೌದು. ಆದ್ರೆ ಕೇಳಿದ ಹಾಗೆ ಆಗುದಿಲ್ಲ.”

“ನೀವು ಮೊದಲ್ನೇ ಸಲಕ್ಕೇ ಯೆಸ್ ಅಂದ್ಬಿಡಿ ಅಕ್ಕ.”

“ಬಾಯಿಗೆ ಬರುದಿಲ್ಲ. ಕಾದು ಕೂತವರ ಹಾಗೆ ಆಗ್ತದೆ.” ಆಮೇಲೆ ಸ್ವಲ್ಪ ಯೋಚಿಸಿ, “ಒಂದು ಕೆಲಸ ಮಾಡುವ. ಇನ್ನು ಮೇಲೆ ಅವರು ಒಂದು ಸಲ ಕೇಳ್ಲಿ. ಉಳಿದ ಎರಡು ಸಲ ನೀವು ಕನ್ನಡದಲ್ಲಿ ಕೇಳಿ. ನಾನು ಹೂಂ ಅಂದ ಮೇಲೆ ಅವರಿಗೆ ಯೆಸ್ ಅಂತ ಹೇಳಿ,” ಎಂದರು.

ಹೀಗೆ ನನ್ನ ಕೆಲಸಗಳ ಪಟ್ಟಿಗೆ ಇದೂ ಸೇರಿತು. ಪಂಪು ರಿಪೇರಿಯವನು ತನ್ನ ಹಳೆಯ ಡ್ರಿಲ್ ಯಂತ್ರವನ್ನು ಸುಮ್ಮನೆ ಕೊಡಲು ಬಂದಾಗ, ನಾವಿಬ್ಬರೂ ಕನ್ನಡದಲ್ಲಿ ಹಿಂದೆ ಮುಂದೆ ಆಡುತ್ತಿದ್ದುದನ್ನು ನೋಡಿ ಅವನು, “ಬೇಡವಂತಾ?” ಎಂದು ನನ್ನನ್ನು ಕೇಳಿದ. “ತಾಳು, ಇನ್ನೂ ಮುಗಿದಿಲ್ಲ,” ಎಂದೆ. ಮುಗಿದ ಮೇಲೆ ಯಂತ್ರ ನಮ್ಮ ಶೆಡ್ಡಿಗೆ ಬಂತು. ಅದನ್ನು ಅಕ್ಕ ಮಗುವಿನ ಹಾಗೆ ನೋಡಿಕೊಂಡರು.

ಮೀಟರು ಎಂದರೆ ಊಟದ ಡಬ್ಬಿಯಷ್ಟು ದೊಡ್ಡದು. ಮೇಲಿನ ಬಟ್ಟಲಿಗೆ ಕಾಳು ಸುರಿದರೆ ಮುಳ್ಳು ತೇವ ತೋರಿಸುತ್ತದೆ. ಪಕ್ಕದಲ್ಲಿ ಒಂದು ತಿರುಗಣೆ, ಅದಕ್ಕೆ ಮೂರು ಸ್ಥಾನ: ಭತ್ತ, ಬಿಳಿ ಅಕ್ಕಿ, ಕುಚ್ಚಲಕ್ಕಿ. ಕ್ಯಾಲಿಫೋರ್ನಿಯಾದಲ್ಲಿ ಮೂರನೆಯ ಸ್ಥಾನಕ್ಕೆ ತಿರುಗಿಸಿದ ಒಬ್ಬನೇ ಒಬ್ಬ ಗಿರಾಕಿಯೂ ಇರಲಿಲ್ಲ. ಆದರೆ ಅಕ್ಕ ಅತಿ ಹೆಚ್ಚು ದಿನ ದುಡಿದದ್ದು ಅದರ ಮೇಲೆಯೇ. ಬೇಯಿಸಿ ಒಣಗಿಸಿದ ಕಾಳಿನ ತೇವವನ್ನು ಸರಿಯಾಗಿ ಹೇಳುವ ಪೆಟ್ಟಿಗೆ ಬೇರೆ ಯಾರದ್ದೂ ಇಲ್ಲ ಎಂಬುದು ಅವರ ಹೆಮ್ಮೆ. ಅದನ್ನು ಕೊಳ್ಳಬೇಕಾದವರು ಸಮುದ್ರದ ಆಚೆ ಇದ್ದರು. ನಮ್ಮೂರಿಗೇ ಕಳಿಸೋಣವೆಂದರೆ ಆಗಿನ ಆಮದು ಲೈಸೆನ್ಸಿನ ಕಾಗದಗಳು ನನ್ನಂಥವನನ್ನೂ ಹೆದರಿಸಿದವು. ಇಲ್ಲಿ ನೋಡಿದರೆ ವ್ಯಾಪಾರ ಕೊಯ್ಲಿನ ಎರಡು ತಿಂಗಳು ಮಾತ್ರ. ಜಪಾನಿನಿಂದ ಅಂಕಿ ಮಿನುಗುವ ಅಗ್ಗದ ಮೀಟರುಗಳು ಬೇರೆ ಬರತೊಡಗಿದ್ದವು. ಹೊರದೇಶದ ಗಿರಾಕಿ ಸಿಗದಿದ್ದರೆ ಶೆಡ್ಡು ಮುಚ್ಚಬೇಕೆಂದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನು ದಿನಕ್ಕೆರಡು ಸಲ ಹೇಳುತ್ತಿದ್ದೆ.

ಆಗ ಸಿಕ್ಕಿದ್ದು ವ್ಯಾಪಾರ ನಿಯೋಗದ ಸುದ್ದಿ. ಇಲ್ಲಿಯ ಸರ್ಕಾರದವರು ಹನ್ನೆರಡು ಸಣ್ಣ ಕಂಪನಿಗಳನ್ನು ಆರಿಸಿ, ಮೂರು ವಾರ ಬ್ಯಾಂಕಾಕು ಮತ್ತು ಜಕಾರ್ತಕ್ಕೆ ಕರೆದೊಯ್ಯುತ್ತಾರಂತೆ. ಅಲ್ಲಿನ ರಾಯಭಾರ ಕಚೇರಿಯವರು ಮೊದಲೇ ಕೊಳ್ಳುವವರಿಗೆ ಹೇಳಿಟ್ಟಿರುತ್ತಾರೆ. ಹೋಟೆಲಿನಲ್ಲಿ ಪ್ರತಿ ಕಂಪನಿಗೂ ಒಂದು ಮೇಜು, ಪ್ರತಿ ಅರ್ಧ ಗಂಟೆಗೆ ಒಬ್ಬ ವ್ಯಾಪಾರಿ. ನಮ್ಮಂಥವರು ಹತ್ತು ವರ್ಷ ಕಾಗದ ಬರೆದರೂ ಭೇಟಿಯಾಗದ ಮಿಲ್ಲಿನ ಮಾಲೀಕರು ತಾವಾಗಿ ಬಂದು ಎದುರು ಕೂರುತ್ತಾರೆ.

“ಥಾಯ್‌ನವರು ಕುಚ್ಚಲಕ್ಕಿ ಮಾಡಿ ಹೊರಗೆ ಕಳಿಸ್ತಾರೆ,” ಎಂದರು ಅಕ್ಕ. “ಅವರ ಕೈಯಲ್ಲಿ ಇದನ್ನು ಕೊಟ್ರೆ ಮಾತಾಡುದೇ ಬೇಡ. ಒಂದು ಕಾಳು ಅವರು ಕಚ್ಲಿ, ಒಂದು ನಾನು ಕಚ್ತೇನೆ. ಆಮೇಲೆ ಮೀಟರು ನೋಡುವ.”

ನಾನು ಅರ್ಜಿಯನ್ನು ಒಂಬತ್ತು ದಿನ ಬರೆದೆ. ಕಾರ್ಬನ್ ಹಾಳೆ ಇಟ್ಟು ಟೈಪು ಮಾಡಿದ ಐದು ಪ್ರತಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ವಾಣಿಜ್ಯ ಅಧಿಕಾರಿ ಶೆಡ್ಡು ನೋಡಲು ಬಂದ. ಎತ್ತರದ, ಸಾವಧಾನದ ಮನುಷ್ಯ. ಅಕ್ಕ ಅವನಿಗೆ ಚಕ್ಕುಲಿ ಕೊಟ್ಟರು, ಅವನು ಬೇಡವೆಂದ, ಇನ್ನೆರಡು ಸಲ ಒತ್ತಾಯ ಮಾಡಿದ ಮೇಲೆ ಹೆದರಿ ತಿಂದ. ನಂತರ ತಾನಾಗಿ ಇನ್ನೊಂದು ಕೇಳಿದ. ಮೀಟರು ಅವನಿಗೆ ಹಿಡಿಸಿತು. ಆದರೂ ಪಟ್ಟಿಯಲ್ಲಿ ನಾವು ಹದಿಮೂರನೆಯವರಾದೆವು. ಯಾರಾದರೂ ಬಿಟ್ಟರೆ ಫೋನು ಮಾಡುತ್ತೇನೆಂದ. ನಿಯೋಗ ಹೊರಡುವುದು ಅಕ್ಟೋಬರಿನಲ್ಲಿ. ಅಂದರೆ ಕೊಯ್ಲಿನ ನಟ್ಟನಡುವೆ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ಕೊಯ್ಲಿನ ಸಮಯದಲ್ಲಿ ಭತ್ತ ಒಣಗಿಸುವವರು ಬೆಳಗಿನಿಂದ ಸಂಜೆಯವರೆಗೆ ಫೋನು ಮಾಡುತ್ತಾರೆ. ನಿಮ್ಮ ಮುಳ್ಳು ಸುಳ್ಳು ಹೇಳುತ್ತಿದೆ, ಇಡೀ ಬಿನ್ ಭತ್ತ ಮುಗ್ಗಾಗುತ್ತದೆ, ನಿಮ್ಮ ಮೇಲೆ ಕೇಸು ಹಾಕುತ್ತೇವೆ ಎನ್ನುತ್ತಾರೆ. ಅಕ್ಕ ಫೋನು ತೆಗೆದುಕೊಂಡು ತಣ್ಣಗೆ, ಒಂದು ಕಾಳು ಕಚ್ಚಿ, ಏನು ಸದ್ದು ಬಂತು ಹೇಳಿ ಎನ್ನುತ್ತಿದ್ದರು. ಆ ಕಡೆಯವರು ಹೇಳಿದ ಸದ್ದಿನ ಮೇಲೆ, ಬಟ್ಟಲು ಒರೆಸಿ, ಬ್ಯಾಟರಿ ಬದಲಿಸಿ ಎಂದು ಸರಿ ಮಾಡಿಸುತ್ತಿದ್ದರು. ನನಗೂ ಕಚ್ಚಲು ಕಲಿಸಿದ್ದರು. ನನ್ನ ಹಲ್ಲಿಗೆ ಎಲ್ಲ ಕಾಳೂ ಹದಿನಾಲ್ಕೇ. ಹಿಂದಿನ ವರ್ಷ ಅಕ್ಕನಿಗೆ ಜ್ವರ ಬಂದು ಎರಡು ದಿನ ಫೋನು ನನ್ನ ಪಾಲಿಗೆ ಬಿದ್ದಾಗ, ಮೂರನೆಯ ದಿನ ಜ್ವರ ನನಗೆ ಬಂದಿತ್ತು. ಇನ್ನು ಮೂರು ವಾರ ಒಬ್ಬನೇ ಎಂದರೆ? ಅರ್ಜಿಯನ್ನು ಅಷ್ಟು ಶ್ರದ್ಧೆಯಿಂದ ಬರೆದವನೂ ನಾನೇ, ಹದಿಮೂರನೆಯ ಸ್ಥಾನ ಎಂದು ಗೊತ್ತಾದಾಗ ಒಳಗೊಳಗೆ ನೆಮ್ಮದಿಯ ಉಸಿರು ಬಿಟ್ಟವನೂ ನಾನೇ.

ಸೆಪ್ಟೆಂಬರಿನ ಒಂದು ಬೆಳಗ್ಗೆ, ಹನ್ನೊಂದರ ಸುಮಾರಿಗೆ ಫೋನು ಬಂತು. ಅಧಿಕಾರಿಯೇ. ಒಂದು ಕಂಪನಿ ಬಿಟ್ಟಿದೆ, ಜಾಗ ನಿಮ್ಮದು, ನಿಮ್ಮ ಒಡತಿ ಬರುತ್ತಾರಾ? ಹೆಸರುಗಳು ಮಧ್ಯಾಹ್ನ ಹನ್ನೆರಡರೊಳಗೆ ವಾಷಿಂಗ್ಟನ್ನಿಗೆ ಹೋಗಬೇಕು. ಕೇಳಿ ಹೇಳಿ, ನಾನು ಲೈನಿನಲ್ಲಿಯೇ ಇರುತ್ತೇನೆ ಎಂದ.

ಗೋಡೆಯ ಫೋನು ಅದು. ಬಾಯಿಯ ಕಡೆಗೆ ಅಂಗೈ ಮುಚ್ಚಿ ತಿರುಗಿದೆ. ಅಕ್ಕ ಮೇಜಿನಲ್ಲಿ ಬೆಸುಗೆ ಹಾಕುತ್ತಿದ್ದರು.

“ಅಕ್ಕ, ಒಬ್ರು ಬಿಟ್ರಂತೆ. ಬ್ಯಾಂಕಾಕಿಗೆ ನೀವು ಬರ್ತೀರಾ ಅಂತ ಕೇಳ್ತಿದಾರೆ.”

ಬೆಸುಗೆಯ ಕಡ್ಡಿಯನ್ನು ಅದರ ಸ್ಟ್ಯಾಂಡಿನಲ್ಲಿ ಇಟ್ಟರು. ಕನ್ನಡಕ ತೆಗೆದರು. “ನಾನಾ? ಬೇಡಪ್ಪ. ನಮಗಿಂತ ದೊಡ್ಡವರು ಯಾರಾದ್ರೂ ಇರ್ತಾರೆ. ಅವರಿಗೆ ಕೊಡ್ಲಿ.”

ಇದು ಅಧಿಕಾರಿ ಕೇಳಿದ್ದಕ್ಕೆ ಉತ್ತರ. ಈಗ ನನ್ನ ಸರದಿ.

“ನಮಗೇ ಕೊಟ್ಟಿರೋದು ಅಕ್ಕ. ಹೋಗಲ್ವಾ?”

“ನಾನು ಅಲ್ಲಿ ಹೋಗಿ ಎಂತ ಮಾಡುದು ಮಾರಾಯ್ರೆ,” ಎಂದರು. ದನಿ ಮೆತ್ತಗಾಗಿತ್ತು. ಎದ್ದು ನಿಂತು ಏಪ್ರನ್ನಿಗೆ ಕೈ ಒರೆಸತೊಡಗಿದರು. ಮೊದಲು ಬಲಗೈ, ಆಮೇಲೆ ಎಡಗೈ, ಬೆರಳು ಬೆರಳಾಗಿ. ಒರೆಸುತ್ತ ನನ್ನ ಮುಖ ನೋಡುತ್ತಿದ್ದರು.

ನನಗೆ ಅರ್ಥವಾಗಲಿಲ್ಲ ಎಂದು ಬರೆದರೆ ಇಲ್ಲಿಯವರೆಗೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಆ ಕೈ ಒರೆಸುವುದನ್ನು ನಾನು ನೂರು ಸಲ ನೋಡಿದ್ದೆ. ಇನ್ನೊಂದು ಸಲ, ಬರೀ “ಅಕ್ಕ?” ಎಂದಿದ್ದರೂ ಸಾಕಿತ್ತು. ಆದರೆ ನನಗೆ ಕಂಡದ್ದು ಅಕ್ಟೋಬರಿನ ಖಾಲಿ ಶೆಡ್ಡು, ಬಡಿದುಕೊಳ್ಳುತ್ತಿರುವ ಇದೇ ಫೋನು. ಬೇಡ ಅಂದರಲ್ಲ, ಎರಡು ಸಲ ಅಂದರಲ್ಲ, ಕಾಯುತ್ತಿರುವ ಅಧಿಕಾರಿಯನ್ನು ಎಷ್ಟು ಹೊತ್ತು ನಿಲ್ಲಿಸುವುದು ಎಂದು ಒಳಗಿನ ವಕೀಲ ಹೇಳಿದ. ಅಂಗೈ ತೆಗೆದು, ನನ್ನ ಜನ್ಮದ ಅತ್ಯಂತ ಸುಲಲಿತವಾದ ಇಂಗ್ಲಿಷಿನಲ್ಲಿ, ತಮ್ಮ ಆಹ್ವಾನಕ್ಕೆ ನಾವು ಆಭಾರಿ, ಈ ಸಲ ಬರಲಾಗುವುದಿಲ್ಲ ಎಂದೆ. ಅವನು ಬೇಸರವಾಯಿತು ಎಂದ. ನಿಜವಾಗಿ ಬೇಸರವಾದಂತೆ ಕೇಳಿಸಿತು.

ಫೋನು ಇಟ್ಟೆ. ಅಕ್ಕನ ಕೈ ಏಪ್ರನ್ನಿನಲ್ಲೇ ಇತ್ತು.

“ಹೇಳಿಯೇ ಬಿಟ್ರಾ?”

“ಹೇಳಿದೆ ಅಕ್ಕ. ತಕ್ಷಣ ಹೇಳ್ಬೇಕಿತ್ತು. ನೀವು ಬೇಡ ಅಂದ್ರಲ್ಲ.”

“ಹೌದು,” ಎಂದರು. “ಹೌದು. ನಾನೇ ಹೇಳಿದ್ದು.” ಕೂತರು. ಕನ್ನಡಕ ಹಾಕಿಕೊಂಡರು. ಕಡ್ಡಿ ಇನ್ನೂ ಬಿಸಿಯಾಗಿತ್ತು. ಬಿಟ್ಟಲ್ಲಿಂದ ಕೆಲಸ ಮುಂದುವರಿಸಿದರು.

ಅಂದೇ ಮತ್ತೆ ಫೋನು ಮಾಡಬಹುದಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಏನು ಚಂದ್ರಲೋಕದಲ್ಲಿರಲಿಲ್ಲ. ಮಧ್ಯಾಹ್ನದವರೆಗೂ ಆ ಗೋಡೆಯನ್ನು ನೋಡುತ್ತ ಕೂತೆ. ಈಗ ಕೇಳಿದರೆ ಮೊದಲು ಯಾಕೆ ಕೇಳಲಿಲ್ಲ ಎಂದು ಹೇಳಬೇಕಾಗುತ್ತದಲ್ಲ ಎಂದು ಹೊಸದೊಂದು ಚಿಂತೆ ಹುಟ್ಟಿತು. ನನ್ನಲ್ಲಿ ಅದಕ್ಕೆ ಯಾವಾಗಲೂ ಜಾಗ ಇರುತ್ತದೆ. ಅಷ್ಟರಲ್ಲಿ ಹನ್ನೆರಡು ದಾಟಿತು.

ಅಕ್ಟೋಬರಿನಲ್ಲಿ ಅಕ್ಕ ಶೆಡ್ಡಿನಲ್ಲೇ ಇದ್ದರು. ಬಂದ ಫೋನುಗಳಿಗೆಲ್ಲ ತಣ್ಣಗೆ ಉತ್ತರಿಸಿದರು. ಒಂದು ದಿನ ನಾನು ಸ್ಕ್ರೂ ಹುಡುಕುತ್ತ ಅವರ ಮೇಜಿನ ಕೆಳಗಿನ ಡ್ರಾಯರು ಎಳೆದೆ. ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಅಲ್ಯುಮಿನಿಯಮ್ ತಗಡುಗಳು, ಹನ್ನೆರಡು. ಮೀಟರಿನ ಮುಖಕ್ಕೆ ಹಾಕುವ ತಗಡು. ತಿರುಗಣೆಯ ಮೂರು ಸ್ಥಾನಗಳ ಎದುರಿಗೆ ಇಂಗ್ಲಿಷಿನ ಬದಲು ಥಾಯ್ ಅಕ್ಷರಗಳನ್ನು ಕೊರೆಸಿದ್ದರು. ಬರ್ಕ್ಲಿಯ ಒಂದು ಥಾಯ್ ಹೋಟೆಲಿನ ಅಡುಗೆಯವಳಿಂದ ಬರೆಸಿಕೊಂಡು, ಅವಳು ಸರಿ ಎನ್ನುವವರೆಗೆ ನಾಲ್ಕು ಭಾನುವಾರ ಅಲ್ಲಿಗೆ ಹೋಗಿದ್ದರೆಂದು ಆಮೇಲೆ ಅವರ ಗಂಡ ಹೇಳಿದರು. ಅವರು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು.

“ಇದೇನಕ್ಕ?” ಎಂದೆ, ಗೊತ್ತಿದ್ದೂ.

“ಹಾಗೇ ಮಾಡ್ಸಿದ್ದು.” ಒಂದನ್ನು ತೆಗೆದು ಬೆಳಕಿಗೆ ಹಿಡಿದರು. “ಅಕ್ಷರ ಚೆಂದ ಉಂಟಲ್ಲ? ಜಿಲೇಬಿ ಹಾಗೆ.” ಮತ್ತೆ ಸುತ್ತಿ ಒಳಗಿಟ್ಟರು.

ಮುಂದಿನ ವರ್ಷ ನಾನೇ ಅಧಿಕಾರಿಗೆ ಫೋನು ಮಾಡಿದೆ. ಬೇಡವೆಂದವರ ಹೆಸರು ಸಾಲಿನ ಕೊನೆಗೆ ಹೋಗುತ್ತದೆ, ಮತ್ತೆ ಈ ಸಲದ ನಿಯೋಗ ಯುರೋಪಿಗೆ, ಕಂಪ್ಯೂಟರಿನವರಿಗೆ ಎಂದ. ಅದರ ಮುಂದಿನ ವರ್ಷ ಅವನಿಗೇ ಬೇರೆ ಊರಿಗೆ ವರ್ಗವಾಗಿತ್ತು. ಬ್ಯಾಂಕಾಕಿನ ಮಿಲ್ಲುಗಳ ವಿಳಾಸ ಹುಡುಕಿ ಅರವತ್ತು ಕಾಗದ ಬರೆದೆ. ಒಂದಕ್ಕೆ ಉತ್ತರ ಬಂತು, ನಮ್ಮಲ್ಲಿ ಈಗಾಗಲೇ ಮೀಟರು ಇದೆ ಎಂದು. ಎರಡು ಕೊಯ್ಲು ಕಳೆದ ಮೇಲೆ ಅಕ್ಕ ಶೆಡ್ಡು ಮುಚ್ಚಿದರು. ಡ್ರಿಲ್ ಯಂತ್ರವನ್ನು ಪಂಪಿನವನಿಗೇ ವಾಪಸು ಕೊಟ್ಟರು. ಅವನು ಮೊದಲ ಸಲಕ್ಕೇ ತೆಗೆದುಕೊಂಡ.

ನನಗೆ ಪ್ಲೆಸೆಂಟನ್ನಿನ ಒಂದು ಆಫೀಸಿನಲ್ಲಿ ಕೆಲಸವಾಯಿತು. ಅದಕ್ಕೂ ಅಕ್ಕನೇ ಕಾರಣ. ಶಿಫಾರಸು ಪತ್ರವನ್ನು, ನಾನು ಬರೆದುಕೊಡುತ್ತೇನೆ ಎಂದರೂ ಬಿಡದೆ, ತಾವೇ ಕೈಯಲ್ಲಿ ಬರೆದರು. ಅದರಲ್ಲಿ ಒಂದು ಸಾಲು: ಇವರು ಯಾವ ವಿಷಯವನ್ನೂ ಎರಡು ಸಲ ಕೇಳದೆ ಬಿಡುವವರಲ್ಲ. ಹೊಸ ಮ್ಯಾನೇಜರಿಗೆ ಆ ಸಾಲು ಬಹಳ ಮೆಚ್ಚಿಗೆಯಾಯಿತು. ನಾನು ಫ್ರೀವೇಯಲ್ಲಿ ಹೋಗುವಾಗ ಬರುವಾಗ ಅದರ ಅರ್ಥವೇನೆಂದು ಯೋಚಿಸಿದೆ. ಹೊಗಳಿಕೆಯೋ, ಇನ್ನೊಂದೋ. ಅಕ್ಕ ಚುಚ್ಚಿ ಮಾತಾಡುವವರಲ್ಲ. ಆದರೆ ಲೆಕ್ಕ ತಪ್ಪುವವರೂ ಅಲ್ಲ.

ಆ ದಶಕ ಮುಗಿಯುವ ಮುನ್ನ ಅವರಿಗೆ ಕಾಯಿಲೆ ಹಿಡಿಯಿತು. ನೋಡಲು ಹೋದಾಗಲೆಲ್ಲ ಹೇಳಿಬಿಡಬೇಕೆಂದು ಹೊರಡುತ್ತಿದ್ದೆ; ಕಾರು ನಿಲ್ಲಿಸುವ ಹೊತ್ತಿಗೆ, ಕಾಯಿಲೆಯವರಿಗೆ ಇದೆಲ್ಲ ಯಾಕೆ ಎಂದು ಅವರ ಪರವಾಗಿ ನಾನೇ ತೀರ್ಮಾನಿಸಿರುತ್ತಿದ್ದೆ. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ, ಅವರು ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿದ್ದಾಗ, ಕಾಲೇಜಿನಿಂದ ಬಂದಿದ್ದ ಮಗಳು ಬಾಗಿಲಲ್ಲಿ ನಿಂತು, ಜ್ಯೂಸು ಬೇಕಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಬೇಡ ಮಗ,” ಎಂದರು ಅಕ್ಕ.

“ಓಕೆ,” ಎಂದು ಅವಳು ಹೋದಳು.

ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಅಕ್ಕನಿಗೆ ನಗು ಬಂತು. “ಕೂತ್ಕೊಳ್ಳಿ. ಅವಳಿಗೆ ಗೊತ್ತಾಗುದಿಲ್ಲ. ನಾನು ಕಲಿಸ್ಲಿಲ್ಲ. ಹೀಗೇ ಒಳ್ಳೇದು.”

ಕೂರಲಿಲ್ಲ. ನಿಂತೇ ಹೇಳಿದೆ. “ಅಕ್ಕ, ಅವತ್ತು ಬ್ಯಾಂಕಾಕಿನ ಫೋನು ಬಂದಾಗ ನಾನು ಇನ್ನೊಂದು ಸಲ ಕೇಳ್ಲಿಲ್ಲ. ಮರೆತು ಅಲ್ಲ.”

“ಗೊತ್ತುಂಟು,” ಎಂದರು. “ನೀವು ಹೆದರಿದ್ರಿ. ಹಣೆಯಲ್ಲಿ ಬೆವರು ಇತ್ತು.” ಹೊದಿಕೆ ಸರಿಮಾಡಿಕೊಂಡು, “ನನಗೂ ಬಾಯಿ ಇತ್ತಲ್ಲ. ಹೋಗ್ತೇನೆ ಅಂತ ಒಂದು ಮಾತು. ಬರ್ಲಿಲ್ಲ,” ಎಂದರು.

ಬೇರೆ ಯಾರಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ಅಷ್ಟು ಸಿಕ್ಕಿದ್ದೇ ದೊಡ್ಡದು ಎಂದು ಮನೆಗೆ ಹೋಗುತ್ತಿದ್ದರು. ನನ್ನಂಥವನಿಗೆ ಸಮಾಧಾನವೂ ಪೂರ್ತಿ ಬೇಕು. “ಕೋಪ ಬಂದಿತ್ತಾ ಅಕ್ಕ?” ಎಂದೆ. ಛೆ, ಎಂಥ ಕೋಪ ಎಂದು ಅವರು ಹೇಳುತ್ತಾರೆ, ನಾನು ಇನ್ನೊಮ್ಮೆ ಕೇಳುತ್ತೇನೆ, ಇಲ್ಲ ಮಾರಾಯ್ರೆ ಎನ್ನುತ್ತಾರೆ ಎಂದೆಲ್ಲ ಮನಸ್ಸಿನಲ್ಲಿ ಮೊದಲೇ ಬರೆದುಕೊಂಡಿದ್ದೆ.

“ಬಂದಿತ್ತು,” ಎಂದರು ಅಕ್ಕ, ನನ್ನ ಮಾತು ಮುಗಿಯುವುದರೊಳಗೆ.

ಆಮೇಲೆ ಕಿಟಕಿಯ ಕಡೆ ತಿರುಗಿ ಕಣ್ಣು ಮುಚ್ಚಿದರು. ನಿದ್ದೆಯೋ ಏನೋ ತಿಳಿಯಲಿಲ್ಲ. ಆ ಕೋಪ ಈಗ ಹೋಗಿದೆಯಾ ಎಂದು ಕೇಳಬೇಕಿತ್ತು. ಬಾಗಿಲವರೆಗೆ ಹೋಗಿ ಒಮ್ಮೆ ನಿಂತೆ, ಕೇಳಲಿಲ್ಲ. ಹನ್ನೊಂದು ದಿನಕ್ಕೆ ಅಕ್ಕ ತೀರಿಕೊಂಡರು.